ತಿದ್ದುವ ಕೈ ಯಾರದು?

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಕಚೇರಿಗಳಲ್ಲಿ ‘ಕಂಪ್ಯೂಟರ್‌ದಾಗ ಹಂಗೇ ಅದ’ ಅಂದುಬಿಟ್ಟರೆ ಮಾತು ಮುಗಿಯಿತು. ಹೊಲದಲ್ಲಿ ಕಬ್ಬು ನಿಂತಿದ್ದರೂ ಪಹಣಿಯ ಬೆಳೆ ಕಾಲಂನಲ್ಲಿ ತೊಗರಿ ಇದ್ದರೆ ಸರ್ಕಾರಕ್ಕೆ ಅದು ತೊಗರಿಯೇ. ಡೇಟಾಬೇಸ್ ಅಂದರೆ ಪ್ರಶ್ನಿಸಬಾರದ ಸತ್ಯ ಎಂಬಂತೆ ಈ ಮಾತು ಓಡಾಡುತ್ತದೆ. ಆದರೆ ಅದರಲ್ಲಿ ಸಾಲು, ಕಾಲಂಗಳಷ್ಟೇ ಇರುವುದಿಲ್ಲ. ಯಾರು ನೋಡಬಹುದು, ಯಾರು ತಿದ್ದಬಹುದು ಎಂಬ ಕಟ್ಟಳೆಯೂ ಅದರ ಅರ್ಧ ಭಾಗ. ನಮ್ಮಲ್ಲಿ ಸೊರಗಿರುವುದು ಆ ಅರ್ಧವೇ.

ಆಳಂದದ ಮತದಾರರ ಪಟ್ಟಿಯನ್ನೇ ನೋಡಿ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಹೆಸರು ತೆಗೆಯುವಂತೆ ಆನ್‌ಲೈನ್‌ನಲ್ಲಿ 6,018 ಫಾರಂ 7 ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿಯಿದ್ದದ್ದು ಬರೀ 24. ಉಳಿದ 5,994 ತಿರಸ್ಕೃತವಾದವು. ಬಯಲಾದ ಬಗೆಯೂ ಸ್ವಾರಸ್ಯದ್ದು: ಬೂತ್ ಮಟ್ಟದ ಅಧಿಕಾರಿಯೊಬ್ಬರಿಗೆ ತಮ್ಮ ಸಂಬಂಧಿಕರ ಹೆಸರನ್ನೇ ತೆಗೆಸುವ ಅರ್ಜಿ ಸಿಕ್ಕಿತು. ಅರ್ಜಿದಾರರೆಂದು ನಮೂದಾಗಿದ್ದ ನೆರೆಯವರನ್ನು ಕೇಳಿದರೆ ಅವರಿಗೆ ಅದರ ಸುಳಿವೇ ಇರಲಿಲ್ಲ. ಕಳ್ಳತನ ಹಿಡಿದದ್ದು ಸಾಫ್ಟ್‌ವೇರ್ ಅಲ್ಲ, ಓಣಿಯ ಪರಿಚಯ.

ಶರಣಪ್ಪ, ಮಲ್ಲಿಕಾರ್ಜುನ ಎಂಬ ಹೆಸರಿನವರು ಊರಿಗೆ ಹತ್ತಾರು ಮಂದಿ ಇರುವ ಸೀಮೆ ಇದು. ಇಲ್ಲಿ ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸುವುದು ಮತದಾರರ ಗುರುತಿನ ಚೀಟಿಯ ಎಪಿಕ್ ನಂಬರ್. ಆ ಕೆಲಸವನ್ನು ಅದು ಚೊಕ್ಕಟವಾಗಿ ಮಾಡುತ್ತದೆ. ಆದರೆ ಅರ್ಜಿ ಹಾಕಿದವರು ನಿಜಕ್ಕೂ ಆ ನಂಬರಿನವರೇ ಹೌದೋ ಅಲ್ಲವೋ ಎಂದು ಆಗ ಚುನಾವಣಾ ಆಯೋಗದ ಪೋರ್ಟಲ್ ಕೇಳುತ್ತಿರಲಿಲ್ಲ. ಯಾವುದೋ ಮೊಬೈಲ್ ಜೋಡಿಸಿದರೆ ಸಾಕಿತ್ತು. ಆಧಾರ್ ಜೋಡಿತ ಇ-ಸೈನ್ ಬಂದದ್ದು 2025ರ ಸೆಪ್ಟೆಂಬರ್‌ನಲ್ಲಿ, ಪ್ರಕರಣ ದೇಶವ್ಯಾಪಿ ಗದ್ದಲವಾದ ಮೇಲೆ.

ಕಂದಾಯ ಇಲಾಖೆಯ ಪಹಣಿ ತಂತ್ರಾಂಶ ‘ಭೂಮಿ’ ಈ ವಿಷಯದಲ್ಲಿ ಎರಡು ದಶಕ ಮುಂದಿತ್ತು. ಅಲ್ಲಿ ಸಿಬ್ಬಂದಿ ಬೆರಳಚ್ಚು ಕೊಡದೆ ಪಹಣಿ ತಿದ್ದುವಂತಿಲ್ಲ, ಮ್ಯುಟೇಶನ್‌ಗೆ ತಕರಾರು ಕರೆಯುವ ನೋಟಿಸ್ ಹೊರಡಬೇಕು. ದಲ್ಲಾಳಿಗಳು ತಾಲ್ಲೂಕು ಕಚೇರಿಯ ಮೆಟ್ಟಿಲು ಬಿಟ್ಟಿದ್ದಾರೆ ಎಂದೇನಲ್ಲ, ಆದರೂ ತಿದ್ದಿದ ಕೈಯ ಗುರುತು ಉಳಿಯುತ್ತದೆ.

ಮತದಾರರ ಪಟ್ಟಿಯ ತನಿಖೆ ತೊಡಕಿಗೆ ಬಿದ್ದದ್ದು ಈ ಗುರುತಿನ ವಿಷಯದಲ್ಲೇ. ಇದ್ದ ಮಾಹಿತಿಯನ್ನು 2023ರ ಸೆಪ್ಟೆಂಬರ್‌ನಲ್ಲೇ ಕೊಟ್ಟಿದ್ದೇವೆ ಎಂದಿತು ಚುನಾವಣಾ ಆಯೋಗ. ತನಿಖೆ ನಡೆಸಿದ ಸಿಐಡಿಗೆ ಅದು ಸಾಲಲಿಲ್ಲ. ಐಪಿ ವಿಳಾಸ, ಪೋರ್ಟ್, ಒಟಿಪಿ ವಿವರಗಳನ್ನು ಕೇಳಿ ಪತ್ರದ ಮೇಲೆ ಪತ್ರ ಬರೆಯಿತು. ಮತದಾರನಿಗೋ, ಪಟ್ಟಿಯ ಪುಟದಲ್ಲಿ ಕಾಣುವುದು ತನ್ನ ಹೆಸರಷ್ಟೇ. ಅದನ್ನು ಅಳಿಸಲು ಯಾವ ನಂಬರಿನಿಂದ ಅರ್ಜಿ ಬಂದಿತ್ತೆಂಬುದಕ್ಕೆ ಅಲ್ಲಿ ಕಾಲಂ ಇಲ್ಲ.