ಕರ್ತೃ ಎಲ್ಲಿ ಬಂದ?

ಬೌದ್ಧರ ಪ್ರಕಾರ ಸ್ಪರ್ಶದಿಂದ ವೇದನೆ, ವೇದನೆಯಿಂದ ತೃಷ್ಣೆ, ತೃಷ್ಣೆಯಿಂದ ಉಪಾದಾನ, ಅಂದರೆ ಅಂಟು. ಇದರ ನಡುವೆ ‘ನಾನು’ ಎಲ್ಲಿ ಹುಟ್ಟುತ್ತದೆ?

ಮಜ್ಝಿಮ ನಿಕಾಯದ 18ನೆಯ ಸುತ್ತ ‘ಮಧುಪಿಂಡಿಕ’ ಇದಕ್ಕೆ ವ್ಯಾಕರಣದಲ್ಲೇ ಉತ್ತರ ಕೊಡುತ್ತದೆ ಎಂಬುದು ಶ್ರೀಲಂಕಾದ ಭಿಕ್ಷು ಕಟುಕುರುಂದೆ ಞಾಣನಂದರ ಓದು. ಅಲ್ಲಿ ಮಹಾಕಚ್ಚಾನನ ಮಾತಿನಲ್ಲಿ ಕಣ್ಣು, ರೂಪ, ಅರಿವು ಕೂಡಿ ವೇದನೆ ಉಂಟಾಗುವವರೆಗೆ ಕರ್ತೃವೇ ಇಲ್ಲ. ಆಮೇಲೆ ಕ್ರಿಯಾಪದ ಬದಲಾಗುತ್ತದೆ: ಅನುಭವಿಸುತ್ತಾನೆ, ಗುರುತಿಸುತ್ತಾನೆ, ಯೋಚಿಸುತ್ತಾನೆ. ಕೊನೆಗೆ ಯೋಚನೆಯ ಹೆಣಿಗೆಯೇ ಅವನನ್ನು ಮುತ್ತುತ್ತದೆ, ಕರ್ತೃವಾಗಿದ್ದವನು ಕರ್ಮವಾಗುತ್ತಾನೆ.

ನನ್ನ ಆತಂಕ ಕನ್ನಡ ಅನುವಾದದ್ದು. ‘ನೋವಾಯಿತು’ ಎನ್ನಬಲ್ಲ ನುಡಿ ನಮ್ಮದು. ಆ ಮೊದಲ ಭಾಗದಲ್ಲೇ ‘ನೊಂದನು’ ಎಂದು ಬರೆದರೆ ವಾಕ್ಯ ಸರಾಗವಾದೀತು. ವೇದನೆಗೂ ಅಂಟಿಗೂ ನಡುವಿನ ತೆರವು ಮಾತ್ರ ಮುಚ್ಚಿಹೋಗುತ್ತದೆ. ಬಿಡುಗಡೆಗೆ ಜಾಗವಿರುವುದು ಆ ತೆರವಿನಲ್ಲೇ.