ಆಡುವಂತೆ ಹಾಡುವುದು

ಮೊಟ್ಸಾರ್ಟನ ‘ಫಿಗರೊನ ಮದುವೆ’ ಆಪೆರಾದ ಮೂರನೇ ಅಂಕ. ಯಜಮಾನ ಕೌಂಟ್‌ನ ಜೊತೆ ಮಾತು ಮುಗಿಸಿ ಹೊರಟ ಸೇವಕಿ ಸುಸಾನ್ನಾ, ಎದುರು ಬಂದ ತನ್ನ ಭಾವೀ ವರ ಫಿಗರೊನಿಗೆ ಮೊಕದ್ದಮೆ ನಮ್ಮ ಕಡೆಗಾಯಿತೆಂದು ಮೆಲ್ಲಗೆ ಹೇಳಿ ಹೋಗುತ್ತಾಳೆ. ಹಿಂದೆ ಹಾರ್ಪ್ಸಿಕಾರ್ಡ್ ಬಿಟ್ಟರೆ ಬೇರೆ ವಾದ್ಯವಿಲ್ಲ. ಆ ಮಾತು ಕೌಂಟ್‌ನ ಕಿವಿಗೆ ಬೀಳುತ್ತದೆ. ಅವನು ಅದನ್ನೇ ತನ್ನ ಬಾಯಲ್ಲಿ ತಿರುಗಿ ಆಡಿದಾಗ ವಾದ್ಯಮೇಳ ಎದ್ದು ನಿಲ್ಲುತ್ತದೆ. ಅವಳಲ್ಲಿ ಗೆಲುವಾಗಿದ್ದ ಮಾತು ಅವನಲ್ಲಿ ಅನುಮಾನವಾಗಿ, ಅವಮಾನವಾಗಿ, ಸಿಟ್ಟಾಗಿ ಹೊರಬರುತ್ತದೆ. ಇವೆರಡರ ನಡುವಿನ ದಾರಿಯಲ್ಲೇ ರೆಸಿಟಟಿವ್ ಎಂಬ, ಮಾತಾಡುವಂತೆ ಹಾಡುವ ಕಲೆಯ ಅಳತೆಯೆಲ್ಲ ಇದೆ. ಮೊದಲನೆಯದು ‘ಸೆಕ್ಕೊ’, ಅಂದರೆ ಒಣ ಮಾತು. ಎರಡನೆಯದು ‘ಅಕಂಪಾನ್ಯಾತೊ’, ಮೇಳದ ಜೊತೆಗಿನ ಮಾತು.

ಆದರೂ ಕಲಿಯುವವರು ತಿಂಗಳುಗಟ್ಟಲೆ ಆರಿಯಾಗಳಿಗೆ, ಅಂದರೆ ಆಪೆರಾದ ಬಿಡಿ ಹಾಡುಗಳಿಗೆ, ಕೊಟ್ಟು, ರೆಸಿಟಟಿವ್ ಅನ್ನು ಕೊನೆಯ ವಾರಕ್ಕೆ ಬಿಡುವುದು ಸಾಮಾನ್ಯ. ಈ ಅಸಡ್ಡೆಗೆ ಹಳೆಯ ಬೇರುಗಳಿವೆ. 1791ರ ‘ಟಿಟೊನ ಕರುಣೆ’ಯ ಸೆಕ್ಕೊ ಭಾಗಗಳನ್ನು ಮೊಟ್ಸಾರ್ಟ್ ಬರೆಯಲಿಲ್ಲ, ಶಿಷ್ಯ ಸ್ಯೂಸ್‌ಮೇಯರ್ ಬರೆದಿರಬೇಕು ಎಂಬುದು ವಿದ್ವಾಂಸರಲ್ಲಿ ರೂಢವಾದ ಅಭಿಪ್ರಾಯ. ಬೇರೆಯವರಿಗೆ ವಹಿಸಬಹುದಾದ ಕೆಲಸವೆಂದು ಎಣಿಸಿದ್ದೇ ಆಪೆರಾದ ಬೆನ್ನೆಲುಬು ಎಂಬುದು ನನ್ನ ವಾದ. ಅದನ್ನು ಕಲಿಸುವ ಪರಂಪರೆಯ ಬಲವೂ ದೌರ್ಬಲ್ಯವೂ ಒಂದೇ ಜಾಗದಲ್ಲಿವೆ: ಅದು ಬಾಯಿಂದ ಬಾಯಿಗೆ ಸಾಗಿಬಂದ ವಿದ್ಯೆ.

ರೆಸಿಟಟಿವ್‌ನ ಬೇರು ಫ್ಲಾರೆನ್ಸ್‌ನಲ್ಲಿದೆ. ಕೌಂಟ್ ಬಾರ್ಡಿಯ ಮನೆಯಲ್ಲಿ ಸೇರುತ್ತಿದ್ದ ವಿದ್ವಾಂಸರು, ಅವರಲ್ಲಿ ಖಗೋಳ ವಿಜ್ಞಾನಿ ಗೆಲಿಲಿಯೊನ ತಂದೆ ವಿಂಚೆನ್ಸೊ ಕೂಡ, ಪ್ರಾಚೀನ ಗ್ರೀಕರ ಸಂಗೀತದ ಶಕ್ತಿಯೇನೆಂದು ಚರ್ಚಿಸುತ್ತಿದ್ದರು. ಹಲವು ದನಿಗಳು ಹೆಣೆದುಕೊಂಡ ಹಾಡಿನಲ್ಲಿ ಮಾತು ಕಳೆದುಹೋಗುತ್ತದೆ ಎಂಬುದು ವಿಂಚೆನ್ಸೊನ ದೂರು. 1600ರಲ್ಲಿ ಮರಿಯಾ ದೆ ಮೆಡಿಚಿಯ ಮದುವೆಯ ಸಂಭ್ರಮದಲ್ಲಿ ಆಡಿಸಿದ ‘ಯೂರಿಡಿಚೆ’ಗೆ ಸಂಗೀತ ಕೊಟ್ಟ ಯಾಕೊಪೊ ಪೆರಿ, ಅಚ್ಚಾದ ಪುಸ್ತಕದ ಮುನ್ನುಡಿಯಲ್ಲಿ ತನ್ನ ಉಪಾಯವನ್ನು ಬಿಡಿಸಿ ಹೇಳಿದ್ದಾನೆ. ನಾವು ಮಾತಾಡುವಾಗ ಕೆಲವು ಅಕ್ಷರಗಳ ಮೇಲೆ ದನಿ ನಿಲ್ಲುತ್ತದೆ, ಉಳಿದವು ಸರಿದುಹೋಗುತ್ತವೆ. ನಿಂತ ಅಕ್ಷರಕ್ಕೆ ಮಂದ್ರದ ಸ್ವರ ಹೊಂದಿಕೊಳ್ಳಬೇಕು. ಸರಿದುಹೋಗುವವುಗಳ ಕೆಳಗೆ ಅದು ಹಾಗೆಯೇ ಕಾದಿರಬೇಕು.

ನಾಲ್ಕು ಶತಮಾನ ಕಳೆದರೂ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಮೊಟ್ಸಾರ್ಟನ ಸೆಕ್ಕೊ ಪುಟ ತೆರೆದರೆ ಮೇಲೆ ಸಣ್ಣ ಸಣ್ಣ ಸ್ವರಗಳ ಸಾಲು, ಕೆಳಗೆ ಅಪರೂಪಕ್ಕೊಮ್ಮೆ ಬದಲಾಗುವ ಉದ್ದನೆಯ ಮಂದ್ರ ಸ್ವರ. ಆ ಕೆಳಗಿನ ಸ್ವರ ಎಲ್ಲಿ ಕದಲುತ್ತದೋ ಅಲ್ಲಿ ಪಾತ್ರದ ಮನಸ್ಸು ಕದಲಿದೆ. ಅದಕ್ಕೇ ಬಲ್ಲ ಶಿಕ್ಷಕರು ಮೊದಲು ಮಂದ್ರದ ಸಾಲನ್ನಷ್ಟೇ ನುಡಿಸಿ, ಅದರ ಮೇಲೆ ಮಾತನ್ನು ಬರಿದೇ ಆಡಿಸುತ್ತಾರೆ.

ಮಾತನ್ನು ಬಿಡಿಸುವುದೇ ಅರ್ಧ ಕೆಲಸ. ‘ಮಿಯೊ ಅಮೋರೆ’, ‘ನನ್ನ ಪ್ರೀತಿ’, ಎಂಬ ಎರಡೇ ಪದಗಳನ್ನು ನೋಡೋಣ. ಪದ್ಯದ ಲೆಕ್ಕದಲ್ಲಿ ‘ಮಿಯೊ’ದ ಸ್ವರಗಳೂ ‘ಅ’ಕಾರವೂ ಕೂಡಿ ಒಂದೇ ಉಚ್ಚಾರ, ಅವಕ್ಕೆ ಒಂದೇ ಸ್ವರಚಿಹ್ನೆ. ಲೋಪಸಂಧಿಗೆ ಪಳಗಿದ ನಮ್ಮ ನಾಲಿಗೆ ಒಂದನ್ನು ನುಂಗಿಬಿಡಲು ನೋಡುತ್ತದೆ. ಇಟಾಲಿಯನ್ನಿನಲ್ಲಿ ಯಾವುದೂ ಲೋಪವಾಗಬಾರದು, ಎಲ್ಲವೂ ಒಂದೇ ಉಸಿರಲ್ಲಿ ಜಾರಬೇಕು. ಕನ್ನಡಿಗರಿಗೆ ಒಂದು ಅನುಕೂಲವಂತೂ ಇದೆ. ‘ಪೇನ’ ಅಂದರೆ ನೋವು, ‘ಪೆನ್ನ’ ಅಂದರೆ ಗರಿ. ಬಳಿಗೂ ಬಳ್ಳಿಗೂ ಇರುವ ಅಂತರ ಬಲ್ಲವರಿಗೆ ಆ ದ್ವಿತ್ವವನ್ನು ಹೊಸದಾಗಿ ಕಲಿಸಬೇಕಿಲ್ಲ. ಕಲಿಯಬೇಕಾದದ್ದು ಒತ್ತು. ಮೊದಲ ಅಕ್ಷರಕ್ಕೆ ಒತ್ತು ಬಿದ್ದರೆ ‘ಆಂಕೊರ’ ಹಡಗಿನ ಲಂಗರು. ಎರಡನೆಯದಕ್ಕೆ ಬಿದ್ದರೆ ‘ಅಂಕೋರ’, ‘ಇನ್ನೂ’ ಎಂದರ್ಥ. ಮಾತ್ರೆ ಎಣಿಸುವ ನಮ್ಮ ಕಿವಿ ಇಲ್ಲಿ ಬೇರೆ ಲೆಕ್ಕ ಹಿಡಿಯಬೇಕು.

ಈಗ ‘ಅಮೋರೆ’ಯ ಕೊನೆ. ಇಂಥ ಪದದಿಂದ ವಾಕ್ಯ ಮುಗಿದಾಗ 18ನೇ ಶತಮಾನದ ಪುಟದಲ್ಲಿ ‘ಮೋ’ಗೂ ‘ರೆ’ಗೂ ಒಂದೇ ಸ್ವರ ಬರೆದಿರುವುದು ವಾಡಿಕೆ. ಆದರೆ ಆ ಕಾಲದ ಗಾಯಕರು ಒತ್ತು ಬಿದ್ದ ‘ಮೋ’ವನ್ನು ಸಾಮಾನ್ಯವಾಗಿ ಒಂದು ಮೆಟ್ಟಿಲು ಮೇಲೆ ಹಾಡಿ ‘ರೆ’ಗೆ ಇಳಿಯುತ್ತಿದ್ದರು. ಎಲ್ಲರಿಗೂ ಗೊತ್ತಿದ್ದದ್ದರಿಂದ ಬರೆಯುವ ಅಗತ್ಯವಿರಲಿಲ್ಲ. 20ನೇ ಶತಮಾನದ ನಡುವಿಗೆ ಬರುವಾಗ, ಬರೆದಷ್ಟನ್ನೇ ಹಾಡುವುದು ನಿಷ್ಠೆ ಎಂಬ ಭಾವನೆ ಬಲವಾಗಿ, ಆ ಇಳಿಕೆ ಅನೇಕ ರಂಗಮಂದಿರಗಳಲ್ಲಿ ಮಾಯವಾಯಿತು. ವಾಕ್ಯಗಳ ತುದಿ ಮೊಂಡಾಯಿತು. 1965ರಲ್ಲಿ ಲಂಡನ್ನಿನ ಸ್ಯಾಡ್ಲರ್ಸ್ ವೆಲ್ಸ್‌ನಲ್ಲಿ ಚಾರ್ಲ್ಸ್ ಮೆಕೆರಸ್ ‘ಫಿಗರೊ’ವನ್ನು ಇಂಥ ಇಳಿಕೆ ಮತ್ತು ಅಲಂಕಾರಗಳೊಡನೆ ನಡೆಸಿದಾಗ ಅದೊಂದು ದೊಡ್ಡ ಸುದ್ದಿಯಾಯಿತು. ಬಾಯಿಪಾಠದ ಪರಂಪರೆ ತನ್ನದೇ ಗುಟ್ಟನ್ನು ಮರೆತಿತ್ತು. ಹಳೆಯ ಗ್ರಂಥಗಳನ್ನು ಓದಿ ಅದನ್ನು ಮರಳಿ ಪಡೆಯಬೇಕಾಯಿತು.

ಪರಂಪರೆಯ ಎರಡನೆಯ ದೋಷ ಅನುಕರಣೆ. ‘ಮಾತಾಡುವಂತೆ ಹಾಡು’ ಎನ್ನುತ್ತಾರೆ. ಯಾರ ಮಾತಿನಂತೆ? ಇಟಾಲಿಯನ್ ಬಾರದ ವಿದ್ಯಾರ್ಥಿ ಗುರುವಿನ ಅವಸರ, ಗುರುವಿನ ನಿಲುಗಡೆ, ಗುರುವಿನ ನಗೆಯನ್ನೇ ಎತ್ತಿಕೊಳ್ಳುತ್ತಾನೆ. ಅದು ಸುಸಾನ್ನಾಳ ಮಾತೂ ಅಲ್ಲ, ತನ್ನದೂ ಅಲ್ಲ. 1723ರಲ್ಲೇ ಗಾಯಕ ತೋಸಿ ತನ್ನ ಗ್ರಂಥದಲ್ಲಿ ಚರ್ಚಿನ, ರಂಗದ ಮತ್ತು ದಿವಾನಖಾನೆಯ ರೆಸಿಟಟಿವ್ ಬೇರೆ ಬೇರೆ ಎಂದು ವಿಂಗಡಿಸಿ, ಅವನ್ನು ಕಲಸಿಬಿಡುವವರ ಮೇಲೆ ದೂರಿದ್ದ. ಯಾರಿಗೆ, ಎಲ್ಲಿ, ಯಾಕೆ ಹೇಳುತ್ತಿದ್ದೇನೆ ಎಂದು ಕೇಳದ ಹಾಡುಗಾರಿಕೆ ಇಂದೂ ಅದೇ ತಪ್ಪನ್ನು ಮಾಡುತ್ತದೆ.

ಹಾಗೆಂದು ಸ್ವರಲಿಪಿಯನ್ನು ಬದಿಗಿಟ್ಟು ಮನಸ್ಸಿಗೆ ಬಂದಂತೆ ಆಡುವುದು ಸ್ವಾತಂತ್ರ್ಯವಲ್ಲ. ತಯಾರಿಗೆ ಒಂದು ಕ್ರಮವಿದೆ. ಮೊದಲು ಪದಪದದ ಅರ್ಥ. ಆಮೇಲೆ ಕಾವ್ಯದ ಸಾಲುಗಳನ್ನು ಗುರುತಿಸಿ ಗಟ್ಟಿಯಾಗಿ ಓದುವುದು. ಈ ಸಾಲುಗಳು ಹೆಚ್ಚಾಗಿ 7 ಅಥವಾ 11 ಉಚ್ಚಾರಗಳವು. ಮೂರನೆಯದಾಗಿ ಬರೆದ ಲಯದಲ್ಲೇ, ಸ್ವರವಿಲ್ಲದೆ, ಕಟ್ಟುನಿಟ್ಟಾಗಿ ಆಡುವುದು. ಈ ಮೆಟ್ಟಿಲನ್ನು ಹಾರಿದವರಿಗೆ ಸಂಯೋಜಕ ಯಾವ ಪದದ ಮುಂದೆ ಮೌನವಿಟ್ಟ, ಯಾವುದನ್ನು ಓಡಿಸಿದ ಎಂಬುದು ತಿಳಿಯುವುದೇ ಇಲ್ಲ. ಸ್ವರ ಕೂಡಿಸುವುದು ಅದಾದ ಮೇಲೆ. ತಾಳದ ಕಟ್ಟು ಸಡಿಲಿಸುವುದು ಎಲ್ಲಕ್ಕೂ ಕೊನೆಗೆ. ಹೀಗೆ ಬಂದ ಸಡಿಲಿಕೆಗೆ ಪ್ರತಿ ಕಡೆಯೂ ಒಂದು ಕಾರಣವಿರುತ್ತದೆ, ಹಾರ್ಪ್ಸಿಕಾರ್ಡ್ ನುಡಿಸುವವರು ಅದನ್ನು ಕೇಳಿ ಉತ್ತರಿಸಬಲ್ಲರು. ರೆನೆ ಯಾಕೊಬ್ಸ್ ನಡೆಸಿದ, 2004ರಲ್ಲಿ ಹೊರಬಂದ ‘ಫಿಗರೊ’ ಧ್ವನಿಮುದ್ರಣದಲ್ಲಿ ಕೀಲಿಮಣೆ ಕೂಡ ಸಂಭಾಷಣೆಯಲ್ಲಿ ಪಾಲ್ಗೊಳ್ಳುವುದನ್ನು ಕೇಳಬಹುದು.

ಆದ್ದರಿಂದ ಈ ಪರಂಪರೆಯನ್ನು ಉಳಿಸಿಕೊಳ್ಳಬೇಕು, ಆದರೆ ಶಿಕ್ಷಕರು ‘ಹೀಗೆ ಹಾಡು’ ಎಂದಾಗಲೆಲ್ಲ ‘ಯಾಕೆ’ ಎಂಬ ಪ್ರಶ್ನೆಗೂ ಜಾಗ ಬಿಡಬೇಕು. ಮತ್ತೆ ಆ ಕೌಂಟ್‌ನ ಬಳಿಗೆ ಹೋಗೋಣ. ಅವನ ಪಾತ್ರ ಕಲಿಯುವವರು ಮೊದಲು ಕಲಿಯಬೇಕಾದದ್ದು ತಮ್ಮ ಸಾಲನ್ನಲ್ಲ, ಅದಕ್ಕೆ ಮುಂಚೆ ಸುಸಾನ್ನಾ ಆಡುವ ಸಾಲನ್ನು. ಅದು ಕಿವಿಗೆ ಬಿದ್ದ ಕ್ಷಣ ಏನಾಯಿತೆಂದು ತಿಳಿದವರ ಬಾಯಲ್ಲಿ ಅದೇ ಮಾತು ತಾನಾಗಿ ಬೇರೆಯದಾಗುತ್ತದೆ.