ಬಾಟಿಕ್ ಮಾರಿ ಕೊಂಡ ನೆಲ

ಚೋಳಮಂಡಲ ಕಲಾಗ್ರಾಮ ಇರುವುದು ಚೆನ್ನೈನಿಂದ ಮಹಾಬಲಿಪುರಕ್ಕೆ ಹೋಗುವ ಕಡಲ ದಾರಿಯಲ್ಲಿ, ಇಂಜಂಬಾಕ್ಕಂನಲ್ಲಿ. ಚಿತ್ರಕಾರ ಕೆ.ಸಿ.ಎಸ್. ಪಣಿಕ್ಕರ್ ಮತ್ತು ಅವರ ಶಿಷ್ಯರು 1966ರಲ್ಲಿ ಅಲ್ಲಿ ಹೆಚ್ಚುಕಡಿಮೆ 10 ಎಕರೆ ಮರಳು ನೆಲ ಕೊಂಡರು. ಇಂದು ಅದೇ ಆವರಣದಲ್ಲಿ ವಸ್ತುಸಂಗ್ರಹಾಲಯ, ಬಾಡಿಗೆ ಗ್ಯಾಲರಿಗಳು, ಶಿಲ್ಪವನ, ಪುಸ್ತಕದಂಗಡಿ ಎಲ್ಲವೂ ಇವೆ. ಸಮಕಾಲೀನ ಕಲಾಕೇಂದ್ರವೆಂಬ ಫಲಕವೂ ಇದೆ. ಆದರೆ ಆ ನೆಲಕ್ಕೆ ಹಣ ಹುಟ್ಟಿದ್ದು ಚಿತ್ರಗಳ ಮಾರಾಟದಿಂದಲ್ಲ, ಬಾಟಿಕ್ ಬಟ್ಟೆಯ ಮಾರಾಟದಿಂದ. ಕಲಾಚರಿತ್ರೆಯ ಪುಸ್ತಕಗಳು ಈ ಸಂಗತಿಯನ್ನು ಒಂದು ಸಾಲಿನಲ್ಲಿ ಹೇಳಿ, ಸ್ವಲ್ಪ ಮುಜುಗರದಿಂದಲೋ ಎಂಬಂತೆ ಮುಂದೆ ಸಾಗುತ್ತವೆ.

ಪಣಿಕ್ಕರ್ 1957ರಲ್ಲಿ ಮದರಾಸಿನ ಕಲಾಶಾಲೆಗೆ ಪ್ರಾಂಶುಪಾಲರಾದರು. ಅವರಿಗಿಂತ ಮೊದಲು ಆ ಕುರ್ಚಿಯಲ್ಲಿದ್ದವರು ಅವರ ಗುರು, ಬಂಗಾಳದ ಶಿಲ್ಪಿ ದೇವಿಪ್ರಸಾದ್ ರಾಯ್ ಚೌಧುರಿ. 1944ರಲ್ಲೇ ಪ್ರೋಗ್ರೆಸಿವ್ ಪೇಂಟರ್ಸ್ ಅಸೋಸಿಯೇಷನ್ ಕಟ್ಟಿದ್ದ ಪಣಿಕ್ಕರ್ ಅವರಿಗೆ ಮದರಾಸಿನ ಕಲಾಮಾರುಕಟ್ಟೆಯ ಗತಿ ಗೊತ್ತಿತ್ತು. ಮಾರುಕಟ್ಟೆ ಎನ್ನುವಂಥದ್ದೇ ಅಲ್ಲಿರಲಿಲ್ಲ. ಬೊಂಬಾಯಿಯಲ್ಲಿ ಒಂದಿಷ್ಟು ಪಾರ್ಸಿ ಮನೆತನಗಳು, ಯುದ್ಧಕಾಲದಲ್ಲಿ ಯುರೋಪಿನಿಂದ ಓಡಿಬಂದ ಕಲಾಪ್ರೇಮಿಗಳು ಚಿತ್ರ ಕೊಳ್ಳುತ್ತಿದ್ದರು. ಮದರಾಸಿನಲ್ಲಿ ಹಣವಿದ್ದವರು ಕಚೇರಿಗೆ ಹೋಗುತ್ತಿದ್ದರು, ಅಂದರೆ ಸಂಗೀತ ಕಚೇರಿಗೆ. ಆರು ವರ್ಷ ಕಲಿತು ಹೊರಬಂದ ಹುಡುಗನಿಗೆ ಉಳಿದ ದಾರಿಗಳು ಜಾಹೀರಾತು ಕಂಪನಿ, ಡ್ರಾಯಿಂಗ್ ಮೇಷ್ಟರ ಕೆಲಸ, ಇಲ್ಲವೇ ನೇಕಾರರ ಸೇವಾ ಕೇಂದ್ರ. ಹೆಸರಾಂತ ಚಿತ್ರಕಾರರಾದ ರೆಡ್ಡೆಪ್ಪ ನಾಯ್ಡು, ಆದಿಮೂಲಂ ಅವರಂಥವರೇ ಈ ಕೊನೆಯ ದಾರಿ ಹಿಡಿದರು. ಅಲ್ಲಿಯ ಸೀರೆ ವಿನ್ಯಾಸಗಳು ಚೆಲುವಾದವು, ಅದು ಬೇರೆ ಮಾತು.

ಪಣಿಕ್ಕರ್ ಹುಡುಕಿದ್ದು ಇನ್ನೊಂದು ದಾರಿ. ಹೊಟ್ಟೆಪಾಡಿಗೆ ಬೇರೆಯವರ ಬಳಿ ದುಡಿಯುವ ಬದಲು ಕಲಾವಿದರು ತಾವೇ ಕೂಡಿ ಕರಕುಶಲ ವಸ್ತು ಮಾಡಿ ಮಾರುವುದು, ಉಳಿದ ಹೊತ್ತು ಚಿತ್ರಕ್ಕೆ ಇಡುವುದು. ಹೀಗೆ 1960ರ ದಶಕದ ಮೊದಲ ವರ್ಷಗಳಲ್ಲಿ ಆರ್ಟಿಸ್ಟ್ಸ್ ಹ್ಯಾಂಡಿಕ್ರಾಫ್ಟ್ಸ್ ಅಸೋಸಿಯೇಷನ್ ಹುಟ್ಟಿತು. ಅವರು ಕೈಗೆತ್ತಿಕೊಂಡ ಕಸುಬುಗಳಲ್ಲಿ ಮುಖ್ಯವಾದದ್ದು ಬಾಟಿಕ್.

ಬಾಟಿಕ್ ಚಿತ್ರಕಾರನಿಗೆ ಒಗ್ಗುವ ಕೆಲಸ. ಜೇನುಮೇಣ ಮತ್ತು ಪ್ಯಾರಾಫಿನ್ ಕೂಡಿಸಿ ಕರಗಿಸಿ, ಬಿಸಿಯಿರುವಾಗಲೇ ಬ್ರಷ್ಷಿನಿಂದ ಬಟ್ಟೆಯ ಮೇಲೆ ಗೆರೆ ಎಳೆಯಬೇಕು. ಮೇಣ ಬಿದ್ದಲ್ಲಿ ಬಣ್ಣ ಹತ್ತುವುದಿಲ್ಲ. ಬಟ್ಟೆಯನ್ನು ತಣ್ಣನೆಯ ಬಣ್ಣದ ತೊಟ್ಟಿಯಲ್ಲಿ ಅದ್ದಿ ಒಣಗಿಸಿ, ಮತ್ತೆ ಮೇಣ ಹಚ್ಚಿ, ಮೊದಲಿಗಿಂತ ಗಾಢವಾದ ಬಣ್ಣದಲ್ಲಿ ಅದ್ದಬೇಕು. ತಿಳಿಯಿಂದ ಗಾಢಕ್ಕೆ ಹೋಗಬಹುದು, ಹಿಂದಿರುಗುವಂತಿಲ್ಲ. ಕೊನೆಗೆ ಕುದಿನೀರಿನಲ್ಲಿ ಮೇಣ ಬಿಡಿಸಿದಾಗ, ಅದು ಬಿರಿದ ಕಡೆಗಳಲ್ಲೆಲ್ಲ ಬಣ್ಣ ಇಳಿದು ಸಣ್ಣ ಗೆರೆಗಳ ಜಾಲ ಕಾಣುತ್ತದೆ. ಮೇಣ ಆರುವ ಮುನ್ನ ಗೆರೆ ಮುಗಿಯಬೇಕಾದ್ದರಿಂದ ಕೈ ತಡೆಯುವಂತಿಲ್ಲ, ಅಳಿಸಿ ತಿದ್ದುವ ಮಾತಂತೂ ಇಲ್ಲವೇ ಇಲ್ಲ. ಈ ಕಲಾಶಾಲೆಯ ಸುತ್ತ ಬೆಳೆದ ಮದರಾಸು ಪಂಥದ ಗುರುತೇ ಗೆರೆ ಎಂದು ವಿಮರ್ಶಕರೆಲ್ಲ ಒಪ್ಪುತ್ತಾರೆ. ಆ ಗೆರೆಗೆ ದೇವಾಲಯದ ಕಂಚಿನ ಮೂರ್ತಿ, ತಾಳೆಗರಿ, ರಂಗೋಲಿಗಳಲ್ಲಿ ಮೂಲ ಹುಡುಕುತ್ತಾರೆ. ಮೇಣದ ಬ್ರಷ್ಷಿನ ಹೆಸರನ್ನು ಯಾರೂ ಎತ್ತುವುದಿಲ್ಲ.

ಕಲೆ ಮತ್ತು ಕಸುಬಿನ ಹಳೆಯ ಜಗಳವೇ ಇದು. ದೆಹಲಿ, ಬೊಂಬಾಯಿ, ಬರೋಡಗಳ ಕಲಾಚರಿತ್ರೆಯಲ್ಲಿ ಮದರಾಸು ಬಹುಕಾಲ ಅಲಂಕಾರಪ್ರಿಯರ ಊರಾಗಿಯೇ ಉಳಿಯಿತು. ಬರೋಡದವರು ಬೀದಿ, ಕೋಣೆ, ಗೆಳೆಯರ ಕತೆಗಳನ್ನು ಚಿತ್ರಿಸತೊಡಗಿದ ಮೇಲೆ ಕತೆಯಿಲ್ಲದ ಚಿತ್ರಕ್ಕೆ ವಿಚಾರವೂ ಇಲ್ಲವೆಂಬ ತೀರ್ಪು ಗಟ್ಟಿಯಾಯಿತು. ತಮಾಷೆಯೆಂದರೆ, ಕುಶಲಕರ್ಮಿ ಮತ್ತು ಕಲಾವಿದರ ನಡುವಿನ ಗೋಡೆ ಒಡೆಯಬೇಕೆಂದು ಬರೋಡದಲ್ಲಿ ಚಿತ್ರಕಾರ ಕೆ.ಜಿ. ಸುಬ್ರಹ್ಮಣ್ಯನ್ ಹೇಳಿದಾಗ ಅದು ಸಿದ್ಧಾಂತವಾಯಿತು. ಇಂಜಂಬಾಕ್ಕಂನಲ್ಲಿ ಅದನ್ನೇ ದಿನವೂ ಮಾಡಿದವರದು ಬರೀ ಹೊಟ್ಟೆಪಾಡಾಯಿತು.

ಪಣಿಕ್ಕರ್ ಅವರ ‘ವರ್ಡ್ಸ್ ಅಂಡ್ ಸಿಂಬಲ್ಸ್’ ಸರಣಿಯ ಮುಂದೆ ಒಂದು ಗಳಿಗೆ ನಿಂತವರಿಗೆ ಆ ತೀರ್ಪು ಹಗುರವಾಗಿ ಕಾಣುತ್ತದೆ. 1963ರ ಸುಮಾರಿಗೆ ಶುರುವಾದ ಈ ಚಿತ್ರಗಳಲ್ಲಿ ಜಾತಕದ ಕುಂಡಲಿಯಂಥ ಮನೆಗಳು, ಲೆಕ್ಕದ ಕೋಷ್ಟಕಗಳು, ಒಂದು ಮೀನು, ಒಂದು ಹಕ್ಕಿ, ಸುತ್ತ ಇರುವೆ ಸಾಲಿನಂಥ ಅಕ್ಷರ. ಕನ್ನಡಿಗನಿಗೆ ಅದು ಮಲಯಾಳಂ, ತನಗೆ ಬಾರದು ಎನಿಸುತ್ತದೆ. ಪಕ್ಕದಲ್ಲಿ ನಿಂತ ಮಲಯಾಳಿಗೂ ಅದು ಬಾರದು. ಅಕ್ಷರದ ಮೈಕಟ್ಟು ಇದೆ, ಪದವಿಲ್ಲ. ಓದಲು ಹೊರಟ ಕಣ್ಣು ಎರಡು ಸಾಲು ಹೋಗಿ ಸೋತು, ಆಮೇಲೆ ನೋಡಲು ತೊಡಗುತ್ತದೆ. ಪಂಚಾಂಗದ ಪುಟವೊಂದು ಭವಿಷ್ಯ ಹೇಳುವುದನ್ನು ಬಿಟ್ಟು ಸುಮ್ಮನೆ ಚೆಂದವಾಗಿ ಇರಲು ತೀರ್ಮಾನಿಸಿದಂತಿದೆ ಆ ಚಿತ್ರ. ಇದನ್ನು ಅಲಂಕಾರ ಎನ್ನುವವರಿಗೆ ಅಲಂಕಾರವೂ ಗೊತ್ತಿಲ್ಲ.

ಗ್ರಾಮದ ಮೊದಲ ವರ್ಷಗಳು ಕಷ್ಟದವು. ಗರಿ ಹೊದಿಸಿದ ಗುಡಿಸಲು, ಸುತ್ತ ಸರ್ವೆ ಮರ, ನೆರೆಗೆ ಬೆಸ್ತರ ಕೇರಿ. ವಿದ್ಯುತ್ತು ಇರಲಿಲ್ಲ. ಮುಂದೆ ಮನೆಗಳು ಎದ್ದವು, ಸಾಮೂಹಿಕ ಕಾರ್ಯಾಗಾರ ಬಂತು, ಬಯಲು ರಂಗಮಂದಿರ ಬಂತು. ಜೆ. ಸುಲ್ತಾನ್ ಅಲಿ, ಜಯಪಾಲ ಪಣಿಕ್ಕರ್, ಗೋಪಿನಾಥ್, ಸೇನಾಪತಿ, ಹರಿದಾಸನ್ ಮೊದಲಾದವರು ಈ ಬಳಗದವರು. ವಿಶ್ವನಾಥನ್ ಮತ್ತು ಅಕ್ಕಿತ್ತಂ ನಾರಾಯಣನ್ ಬೇಗನೆ ಪ್ಯಾರಿಸ್ಸಿಗೆ ಹೋದರು. ಇವರೆಲ್ಲರ ನಡುವೆ ತನ್ನದೇ ಕನಸಿನ ಅರಮನೆಗಳನ್ನೂ ಹಾವುಗಳನ್ನೂ ಕಪ್ಪು ಶಾಯಿಯಲ್ಲಿ ನೇಯುತ್ತಿದ್ದ ಕೆ. ರಾಮಾನುಜಂ ಇದ್ದರು. ಮನೋರೋಗದಿಂದ ನರಳುತ್ತಿದ್ದ ಅವರನ್ನು ಆ ಊರು ತನ್ನೊಳಗಿಟ್ಟುಕೊಂಡಿತು, ಆದರೆ ಉಳಿಸಿಕೊಳ್ಳಲಾಗಲಿಲ್ಲ. 1973ರಲ್ಲಿ, ಮೂವತ್ತರ ಆಸುಪಾಸಿನಲ್ಲೇ ಅವರು ತೀರಿಕೊಂಡರು.

ಸ್ಥಾಪಕರಲ್ಲಿ ಒಬ್ಬರು ಮೈಸೂರಿನ ಎಸ್.ಜಿ. ವಾಸುದೇವ್. ಅಲ್ಲಿ ಅವರು ತಾಮ್ರದ ತಗಡಿನಲ್ಲಿ ಉಬ್ಬುಶಿಲ್ಪ ಮಾಡುವುದನ್ನು ರೂಢಿಸಿಕೊಂಡರು; 1988ರಲ್ಲಿ ಬೆಂಗಳೂರಿಗೆ ಬಂದರು. ಕನ್ನಡಕ್ಕೆ ಚೋಳಮಂಡಲದ ಋಣ ಇದಿಷ್ಟೇ ಅಲ್ಲ. ಆಗ ಗಿರೀಶ ಕಾರ್ನಾಡ, ಪಟ್ಟಾಭಿರಾಮ ರೆಡ್ಡಿ, ಸ್ನೇಹಲತಾ ರೆಡ್ಡಿ ಎಲ್ಲರೂ ಮದರಾಸಿನಲ್ಲಿದ್ದವರು. ಇವರೆಲ್ಲ ಕೂಡಿ ಮಾಡಿದ 1970ರ ‘ಸಂಸ್ಕಾರ’ ಚಿತ್ರದ ಕಲಾನಿರ್ದೇಶನ ವಾಸುದೇವ್ ಅವರದು. ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡ ಸಿನಿಮಾದ ಅಗ್ರಹಾರಕ್ಕೆ ಬಣ್ಣ ಕೂಡಿಸಿದ ಕೈ, ಇಂಜಂಬಾಕ್ಕಂನ ಕಡಲ ತೀರದಿಂದ ಮಲೆನಾಡಿಗೆ ಹೋದದ್ದು. ಬಣ್ಣವೆಂದರೆ ಇಲ್ಲಿ ಕಪ್ಪು ಮತ್ತು ಬಿಳುಪು.

1977ರಲ್ಲಿ ಪಣಿಕ್ಕರ್ ತೀರಿಕೊಂಡರು. ಅಷ್ಟರಲ್ಲಿ ಚಿತ್ರಗಳು ಅಷ್ಟಿಷ್ಟು ಮಾರಾಟವಾಗತೊಡಗಿದ್ದರಿಂದ ಬಾಟಿಕ್ ಅನಿವಾರ್ಯವಾಗಿ ಉಳಿದಿರಲಿಲ್ಲ. ಮುಂದಿನ ದಶಕಗಳ ಬೆಳವಣಿಗೆಯಲ್ಲಿ ಹೇಳುವಂಥದ್ದು ಕಡಿಮೆ. ಸದಸ್ಯರಿಗೆ ವಯಸ್ಸಾಯಿತು, ಹೊಸಬರು ಬಂದದ್ದು ಅಪರೂಪ. ಜಾಗ ಇದ್ದಷ್ಟೇ ಇತ್ತು. ಹಂಚಿಕೊಂಡವರೂ ಅವರೇ. ಕೂಡುಬಾಳಿನ ಸಂಸ್ಥೆಗೆ ಉತ್ತರಾಧಿಕಾರಿಗಳನ್ನು ಹುಡುಕುವುದು ಅಧ್ಯಕ್ಷರನ್ನು ಹುಡುಕುವಷ್ಟು ಸುಲಭವಲ್ಲ. ಈಸ್ಟ್ ಕೋಸ್ಟ್ ರೋಡ್ ಅಗಲವಾಗಿ, ಸುತ್ತಲಿನ ಮರಳಿಗೆ ಬಂಗಾರದ ಬೆಲೆ ಬಂದು, ಸರ್ವೆ ತೋಪುಗಳ ಜಾಗದಲ್ಲಿ ಬಂಗಲೆಗಳು ಎದ್ದವು.

ಹೊಸ ತಿರುವು ಬಂದದ್ದು ಪಣಿಕ್ಕರ್ ಅವರ ಮಗ, ಲೋಹಶಿಲ್ಪಿ ಎಸ್. ನಂದಗೋಪಾಲ್ ಮುಂದಾಳಾಗಿದ್ದ ಕಾಲದಲ್ಲಿ. 2009ರಲ್ಲಿ ಚೋಳಮಂಡಲ ಸಮಕಾಲೀನ ಕಲಾಕೇಂದ್ರ ತೆರೆಯಿತು. ಮದರಾಸು ಪಂಥದ ಚಿತ್ರ, ಶಿಲ್ಪಗಳಿಗೇ ಮೀಸಲಾದ ವಸ್ತುಸಂಗ್ರಹಾಲಯ ಅದರ ಮುಖ್ಯ ಭಾಗ. ದೆಹಲಿಯ ಗೋಡೆಗಳಲ್ಲಿ ಒಂದೆರಡು ಮೊಳೆಯಷ್ಟು ಜಾಗ ಸಿಕ್ಕಿದ್ದವರಿಗೆ ಇಲ್ಲಿ ಇಡೀ ಕಟ್ಟಡ ಸಿಕ್ಕಿತು. ಇಂಡಿಗೊ, ಲ್ಯಾಬರ್ನಮ್ ಎಂಬ ಎರಡು ಗ್ಯಾಲರಿಗಳನ್ನು ಹೊರಗಿನ ಕಲಾವಿದರಿಗೆ ಬಾಡಿಗೆಗೆ ಕೊಡಲಾಗುತ್ತದೆ. ಹೊರದೇಶದ ಶಿಲ್ಪಿಗಳ ಕಲ್ಲಿನ ಕೆಲಸಗಳೂ ಇರುವ ಶಿಲ್ಪವನ ಬಯಲಿನಲ್ಲಿದೆ. ಲಾಭ ಹಂಚಿಕೊಳ್ಳದ ಸಂಘ ಹಿಂದೆ ಬಟ್ಟೆಯಿಂದ ಪಡೆಯುತ್ತಿದ್ದುದನ್ನು ಈಗ ಗೋಡೆ ಬಾಡಿಗೆಯಿಂದ ಪಡೆಯುತ್ತಿದೆ. ಲೆಕ್ಕದ ಪುಸ್ತಕದ ಮಟ್ಟಿಗೆ ಇದು ಹಳೆಯ ಪದ್ಧತಿಯೇ. ಆವರಣದಲ್ಲಿ ಕರಕುಶಲ ವಸ್ತುಗಳ ಅಂಗಡಿಯೂ ಇದೆ. ಮ್ಯೂಸಿಯಂ ನೋಡಲು ಬಂದವರು ಅದನ್ನು ಕೊನೆಗೆ ಹೊಕ್ಕು, ಒಂದೆರಡು ಸಣ್ಣ ಸಾಮಾನು ಕೊಂಡು ಬಸ್ಸು ಹತ್ತುತ್ತಾರೆ.